ರಾಹುಕಾಲ ನೋಡಲು ಗೋಡೆ ಕ್ಯಾಲೆಂಡರ್ ಸಾಕೇ? ಕ್ಯಾಲೆಂಡರ್, ಪಂಚಾಂಗ, ಆಪ್‌ಗಳ ಪರೀಕ್ಷೆ

ಬುಧವಾರ ರಾಹುಕಾಲ ಎಷ್ಟು ಹೊತ್ತಿಗೆ ಎಂದು ಯಾರನ್ನು ಕೇಳಿದರೂ ‘ಹನ್ನೆರಡರಿಂದ ಒಂದೂವರೆ’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಬಟ್ಟೆ ಅಂಗಡಿಯವರು ಕೊಡುವ ಕ್ಯಾಲೆಂಡರ್‌ನಲ್ಲೂ ಅದೇ, ಪರ್ಸಿನಲ್ಲಿಟ್ಟುಕೊಳ್ಳುವ ಪುಟ್ಟ ಕಾರ್ಡಿನಲ್ಲೂ ಅದೇ, ಪೇಟೆಯಲ್ಲಿ ಸಿಗುವ ಎಷ್ಟೋ ಮೊಬೈಲ್ ಆಪ್‌ಗಳಲ್ಲೂ ಅದೇ. ಆದರೆ ಬೆಂಗಳೂರಿನ ಮಟ್ಟಿಗೆ ವರ್ಷದ ಒಂದು ಬುಧವಾರವೂ ರಾಹುಕಾಲ ಸರಿಯಾಗಿ 12 ಗಂಟೆಗೆ ಶುರುವಾಗುವುದಿಲ್ಲ. ನವೆಂಬರ್ ಮೊದಲ ವಾರದಲ್ಲಿ ಅದು ಸುಮಾರು 12:03ಕ್ಕೆ ಬರುತ್ತದೆ. 12ಕ್ಕೆ ಅತಿ ಹತ್ತಿರ ಬರುವುದು ಆಗ ಮಾತ್ರ. ಫೆಬ್ರವರಿ ಎರಡನೇ ವಾರದ ಹೊತ್ತಿಗೆ 12:34ಕ್ಕೆ ಜಾರಿರುತ್ತದೆ, ಮುಗಿಯುವಾಗ 2 ಗಂಟೆ ದಾಟಿರುತ್ತದೆ. ಕ್ಯಾಲೆಂಡರ್ ನಂಬಿ 1:35ಕ್ಕೆ ಹೊಸ ಅಂಗಡಿಯ ಬಾಗಿಲು ತೆರೆದವರು ರಾಹುಕಾಲದ ನಡುವೆಯೇ ತೆರೆದಂತೆ.

ಆದ್ದರಿಂದ ಈ ವಿಮರ್ಶೆಯಲ್ಲಿ ಅಚ್ಚು, ಕಾಗದ, ದೇವರ ಚಿತ್ರಗಳ ಮಾತಿಲ್ಲ. ಗೋಡೆ ಕ್ಯಾಲೆಂಡರ್, ಪಂಚಾಂಗದ ಪುಸ್ತಕ, ಮೊಬೈಲ್ ಆಪ್ ಈ ಮೂರನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ: ಅಶುಭಕಾಲಗಳನ್ನು ಇದು ಯಾವ ಊರಿನ, ಯಾವ ದಿನದ ಸೂರ್ಯೋದಯದಿಂದ ಲೆಕ್ಕ ಹಾಕುತ್ತದೆ?

ಲೆಕ್ಕದ ಬುಡ ಗೊತ್ತಿದ್ದರೆ ಯಾವುದನ್ನು ಬೇಕಾದರೂ ನೀವೇ ಪರೀಕ್ಷಿಸಬಹುದು. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಸಮಭಾಗ ಮಾಡಬೇಕು. ಮೊದಲ ಭಾಗ ಯಾವ ವಾರದಲ್ಲೂ ರಾಹುವಿಗೆ ಸೇರುವುದಿಲ್ಲ. ಎರಡನೆಯದರಿಂದ ಎಂಟನೆಯದರವರೆಗೆ ಕ್ರಮವಾಗಿ ಸೋಮ, ಶನಿ, ಶುಕ್ರ, ಬುಧ, ಗುರು, ಮಂಗಳ, ಭಾನುವಾರಗಳ ರಾಹುಕಾಲ. ರಾಹುಕಾಲದಂತೆಯೇ ದಿನವೂ ಬರುವ ಇನ್ನೊಂದು ಕಾಲವಾದ ಗುಳಿಕದ ಲೆಕ್ಕ ಇನ್ನೂ ಸುಲಭ. ಶನಿವಾರ ಮೊದಲ ಭಾಗ, ಶುಕ್ರವಾರ ಎರಡನೆಯದು, ಗುರುವಾರ ಮೂರನೆಯದು, ಹೀಗೆ ವಾರ ಹಿಂದೆ ಹೋದಂತೆ ಭಾಗ ಮುಂದೆ ಹೋಗಿ ಭಾನುವಾರ ಏಳನೆಯದಕ್ಕೆ ಬರುತ್ತದೆ. ಇಂಥದೇ ಮೂರನೆಯ ಕಾಲವಾದ ಯಮಗಂಡದ್ದೂ ಇದೇ ನಡೆ, ಆದರೆ ಗುರುವಾರದಿಂದ ಆರಂಭ: ಗುರುವಾರ 1, ಬುಧವಾರ 2, ಮಂಗಳವಾರ 3, ಸೋಮವಾರ 4, ಭಾನುವಾರ 5, ಶನಿವಾರ 6, ಶುಕ್ರವಾರ 7. ಇದರ ಹಿಂದಿನ ತರ್ಕವೂ ಚೆನ್ನಾಗಿದೆ. ಆ ದಿನದ ವಾರಾಧಿಪತಿಯಿಂದ, ಅಂದರೆ ಆ ವಾರದ ಒಡೆಯನಾದ ಗ್ರಹದಿಂದ ಶುರುಮಾಡಿ ವಾರದ ಕ್ರಮದಲ್ಲೇ ಒಂದೊಂದು ಭಾಗವನ್ನು ಒಬ್ಬೊಬ್ಬ ಗ್ರಹಕ್ಕೆ ಕೊಡುತ್ತಾ ಹೋದರೆ ಶನಿಯ ಪಾಲಿಗೆ ಬಂದ ಭಾಗವೇ ಗುಳಿಕ, ಗುರುವಿನ ಪಾಲಿನದೇ ಯಮಗಂಡ. ಎಂಟನೆಯ ಭಾಗಕ್ಕೆ ಒಡೆಯನಿಲ್ಲ. ಹಾಗಾಗಿ ಗುಳಿಕವಾಗಲಿ ಯಮಗಂಡವಾಗಲಿ ಎಂದೂ ಸೂರ್ಯಾಸ್ತಕ್ಕೆ ತಾಗಿಕೊಂಡು ಬರುವುದಿಲ್ಲ. ಯಾವುದಾದರೂ ಆಪ್ ಹಾಗೆ ತೋರಿಸಿದರೆ ಅದರ ಪಟ್ಟಿಯೇ ತಪ್ಪು, ತೆಗೆದುಹಾಕಿ.

ಸೂರ್ಯೋದಯ 6, ಸೂರ್ಯಾಸ್ತ 6, ಭಾಗಕ್ಕೆ ಒಂದೂವರೆ ಗಂಟೆ ಎಂದು ಇಟ್ಟುಕೊಂಡರೆ ಎಲ್ಲರಿಗೂ ಬಾಯಿಪಾಠವಾಗಿರುವ ಪಟ್ಟಿ ಬರುತ್ತದೆ. ಅಂದರೆ ಅದು ಸುಳ್ಳಲ್ಲ, ಮಾದರಿ ಲೆಕ್ಕ. ಮಾದರಿಯನ್ನೇ ವರ್ಷದ 365 ಚೌಕಗಳಲ್ಲೂ ಅಚ್ಚು ಹಾಕಿಬಿಡುವುದರಿಂದ ತೊಂದರೆ.

ಗೋಡೆ ಕ್ಯಾಲೆಂಡರ್‌ನಿಂದಲೇ ಶುರುಮಾಡೋಣ. ತಿಥಿ, ನಕ್ಷತ್ರ, ಹಬ್ಬ, ಸಂಕಷ್ಟಿ, ಏಕಾದಶಿಗಳಿಗೆ ಇದರಷ್ಟು ಅನುಕೂಲ ಬೇರೊಂದಿಲ್ಲ. ಅಡುಗೆಮನೆಯ ಬಾಗಿಲಿನಿಂದಲೇ ಕಾಣುತ್ತದೆ, ಕನ್ನಡಕ ಹುಡುಕಬೇಕಿಲ್ಲ. ಆದರೆ ರಾ.ಕಾ., ಗು.ಕಾ., ಯ.ಕಾ. ಎಂದು ಚೌಕದ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಬರುವ ಸಮಯ ಹೆಚ್ಚಿನವುಗಳಲ್ಲಿ ಮೇಲಿನ ಬಾಯಿಪಾಠದ ಪಟ್ಟಿಯೇ. ಖಚಿತಪಡಿಸಿಕೊಳ್ಳಲು ಒಂದೇ ನಿಮಿಷ ಸಾಕು: ಜನವರಿಯ ಒಂದು ಸೋಮವಾರ, ಜೂನ್‌ನ ಒಂದು ಸೋಮವಾರ ತೆರೆದು ನೋಡಿ. ಎರಡರಲ್ಲೂ 7:30ರಿಂದ 9 ಎಂದಿದ್ದರೆ ಅಲ್ಲಿ ಲೆಕ್ಕವೇ ನಡೆದಿಲ್ಲ.

ಇದರಿಂದ ಎಷ್ಟು ವ್ಯತ್ಯಾಸ ಬೀಳುತ್ತದೆ ಎಂಬುದನ್ನು ಬೆಂಗಳೂರಿನದೇ ಅಂಕಿಗಳಿಂದ ನೋಡಿ. ಜನವರಿ ಮೊದಲ ವಾರ ಸೂರ್ಯೋದಯ ಸುಮಾರು 6:42, ಸೂರ್ಯಾಸ್ತ 6:06. ಹಗಲು 684 ನಿಮಿಷ, ಎಂಟನೇ ಒಂದು ಭಾಗ 85 ನಿಮಿಷ 30 ಸೆಕೆಂಡು. ಸೋಮವಾರದ ರಾಹುಕಾಲ ಎರಡನೇ ಭಾಗವಾದ್ದರಿಂದ 8:07ಕ್ಕೆ ಶುರುವಾಗಿ 9:33ಕ್ಕೆ ಮುಗಿಯುತ್ತದೆ. ‘ಒಂಬತ್ತು ಹೊಡೆಯಿತು, ಇನ್ನು ಹೊರಡಿ’ ಎನ್ನುವವರು ಇನ್ನೂ ಅರ್ಧ ಗಂಟೆ ಕಾಯಬೇಕಿತ್ತು. ಜೂನ್ ಆರಂಭದಲ್ಲಿ ಸೂರ್ಯೋದಯ 5:53, ಸೂರ್ಯಾಸ್ತ 6:43. ಹಗಲು 770 ನಿಮಿಷ, ಭಾಗ 96 ನಿಮಿಷ ಚಿಲ್ಲರೆ. ಈಗ ಸೋಮವಾರ 7:29ರಿಂದ 9:05, ಪಟ್ಟಿಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಆದರೆ ಅದೇ ವಾರದ ಭಾನುವಾರ ನೋಡಿ, ಎಂಟನೇ ಭಾಗ 5:07ರಿಂದ 6:43. ಪಟ್ಟಿ ಹೇಳುವುದು 4:30ರಿಂದ 6. ಒಂದೇ ವಾರದಲ್ಲಿ ಸೋಮವಾರ ಸರಿ, ಭಾನುವಾರ ಅರ್ಧ ಗಂಟೆಗೂ ಹೆಚ್ಚು ತಪ್ಪು. ‘ಬೇಸಿಗೆಯಲ್ಲಿ ಇಷ್ಟು ಕೂಡಿಸಿ, ಚಳಿಗಾಲದಲ್ಲಿ ಇಷ್ಟು ಕಳೆಯಿರಿ’ ಎಂಬ ಸರಳ ಸೂತ್ರ ಕೆಲಸಕ್ಕೆ ಬಾರದಿರುವುದು ಇದರಿಂದಲೇ. ಹಗಲಿನ ಆರಂಭವೂ ಉದ್ದವೂ ಎರಡೂ ಬದಲಾಗುತ್ತಿರುತ್ತವೆ.

ರಾಹುಕಾಲವನ್ನು ತಪ್ಪಿಸಿಕೊಳ್ಳುವವರಿಗಿಂತ ರಾಹುಕಾಲದಲ್ಲೇ ಪೂಜೆ ಮಾಡುವವರಿಗೆ ಈ ವ್ಯತ್ಯಾಸ ಹೆಚ್ಚು ಮುಖ್ಯ. ಮಂಗಳವಾರ, ಶುಕ್ರವಾರ ದೇವಿಯ ಮುಂದೆ ನಿಂಬೆಹಣ್ಣಿನ ದೀಪ ಹಚ್ಚುವ ಹರಕೆ ಹೊತ್ತವರು ನಮ್ಮಲ್ಲಿ ಸಾವಿರಾರು ಮಂದಿ. ಬೆಂಗಳೂರಿನ ಬನಶಂಕರಿ ದೇವಸ್ಥಾನದಲ್ಲಿ ಆ ಹೊತ್ತಿನ ಸಾಲು ನೋಡಿದರೆ ಗೊತ್ತಾಗುತ್ತದೆ. ಮೇಲೆ ಹೇಳಿದ ಜನವರಿ ವಾರದಲ್ಲೇ ಮಂಗಳವಾರದ ಏಳನೇ ಭಾಗ ಶುರುವಾಗುವುದು 3:15ಕ್ಕೆ. ಮನೆಯಲ್ಲಿ ಸರಿಯಾಗಿ ಮೂರಕ್ಕೆ ಹಚ್ಚಿದ ದೀಪ, ಸಣ್ಣ ಹಣ್ಣಾದರೆ, ರಾಹುಕಾಲ ಬರುವ ಮೊದಲೇ ಆರಿಹೋಗಬಹುದು. ಮನೆಯಲ್ಲಿ ಹಚ್ಚುವವರು 3:30ಕ್ಕೆ ಹಚ್ಚಿ. ಆಗ ಬಾಯಿಪಾಠದ ಪಟ್ಟಿಯ ಪ್ರಕಾರವೂ ಆ ದಿನದ ಲೆಕ್ಕದ ಪ್ರಕಾರವೂ ನೀವು ಒಳಗೇ ಇರುತ್ತೀರಿ. ದೇವಸ್ಥಾನದಲ್ಲಾದರೆ ಅಲ್ಲಿನ ಅರ್ಚಕರು ಹೇಳಿದ ಹೊತ್ತೇ ಹೊತ್ತು, ಅಲ್ಲಿ ನಿಮಿಷದ ವಾದ ಬೇಡ.

ಪಂಚಾಂಗದ ಪುಸ್ತಕಕ್ಕೆ ಬಂದರೆ ಮಾತು ಬೇರೆ. ಯುಗಾದಿಗೆ ಮುಂಚೆ ಅಂಗಡಿಗೆ ಬರುವ ಒಂಟಿಕೊಪ್ಪಲ್ ಪಂಚಾಂಗದಂಥವನ್ನು ಮನೆಮನೆಯಲ್ಲಿ ಇಟ್ಟುಕೊಳ್ಳುವವರಿಗೆ ಇದು ಹೊಸದಲ್ಲ. ಪಂಚಾಂಗದಲ್ಲಿ ರಾಹುಕಾಲದ ಪಟ್ಟಿ ಒಂದೇ ಪುಟದಲ್ಲಿ ಮಾದರಿಯಾಗಿ ಇದ್ದರೂ ದಿನದಿನದ ಸಾಲಿನಲ್ಲಿ ಸೂರ್ಯೋದಯವೋ ದಿನಮಾನವೋ (ಹಗಲಿನ ಉದ್ದ) ಸಿಗುತ್ತದೆ. ಅವೆರಡೂ ಸಿಕ್ಕಿದರೆ ಉಳಿದದ್ದನ್ನು ಕಾಗದ, ಪೆನ್ನು ಹಿಡಿದು ಎರಡು ನಿಮಿಷದಲ್ಲಿ ಮಾಡಿಕೊಳ್ಳಬಹುದು. ಹಾಗಾಗಿ ಪಂಚಾಂಗ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಮುನ್ನುಡಿ: ಸೂರ್ಯೋದಯವನ್ನು ಯಾವ ಊರಿಗೆ ಗಣಿಸಿದ್ದಾರೆ ಎಂದು ಅಲ್ಲಿ ಹೇಳಿರಬೇಕು. ಹೇಳಿಲ್ಲದಿದ್ದರೆ ಈ ಕೆಲಸಕ್ಕೆ ಅದು ಬೇಡ.

ಊರು ಯಾಕೆ ಮುಖ್ಯ ಎಂದರೆ, ರೇಖಾಂಶದಲ್ಲಿ ಒಂದು ಡಿಗ್ರಿ ಪಶ್ಚಿಮಕ್ಕೆ ಹೋದರೆ ಸೂರ್ಯ 4 ನಿಮಿಷ ತಡ. ಬೆಂಗಳೂರು ಸುಮಾರು 77.6, ಮಂಗಳೂರು ಸುಮಾರು 74.9. ಗಡಿಯಾರ ಎರಡೂ ಕಡೆ ಒಂದೇ, ಆದರೆ ಮಂಗಳೂರಿನ ನಡುಹಗಲು 11 ನಿಮಿಷ ತಡವಾಗಿ ಬರುತ್ತದೆ. ಬೆಂಗಳೂರಿಗೆ ಗಣಿಸಿದ ಪಂಚಾಂಗ ಹಿಡಿದು ಮಂಗಳೂರಿನಲ್ಲಿ ರಾಹುಕಾಲ ನೋಡುವವರು 11 ನಿಮಿಷ ಕೂಡಿಸಿಕೊಂಡರೆ ಬಹುಮಟ್ಟಿಗೆ ಸರಿಹೋಗುತ್ತದೆ. ಬೀದರ್‌ನ ಕತೆ ಬೇರೆ. ಅದರ ರೇಖಾಂಶ ಬೆಂಗಳೂರಿನದೇ ಎನ್ನುವಷ್ಟು ಹತ್ತಿರ, ಹಾಗಾಗಿ ನಡುಹಗಲು ಒಂದೇ ಹೊತ್ತಿಗೆ. ಆದರೆ ಉತ್ತರಕ್ಕೆ ಸುಮಾರು 5 ಡಿಗ್ರಿ ಇರುವುದರಿಂದ ಜೂನ್‌ನಲ್ಲಿ ಅಲ್ಲಿಯ ಹಗಲು ಬೆಂಗಳೂರಿಗಿಂತ ಸುಮಾರು 20 ನಿಮಿಷ ಉದ್ದ. ಬುಧವಾರದ ಆರಂಭದಲ್ಲಿ ವ್ಯತ್ಯಾಸ ಕಾಣದು, ಭಾನುವಾರದ ಕೊನೆಯಲ್ಲಿ 10 ನಿಮಿಷ ಕಾಣುತ್ತದೆ.

ಪಂಚಾಂಗ ಓದುವಲ್ಲಿ ಹೊಸಬರು ಎಡವುವ ಜಾಗ ಘಳಿಗೆ. ಘಳಿಗೆ 24 ನಿಮಿಷ, ವಿಘಳಿಗೆ 24 ಸೆಕೆಂಡು, ಎಣಿಕೆ ಸೂರ್ಯೋದಯದಿಂದ. ‘ಘ. 12-30’ ಎಂದಿದ್ದರೆ ಅದು ಮಧ್ಯಾಹ್ನ ಹನ್ನೆರಡೂವರೆಯಲ್ಲ, ಸೂರ್ಯೋದಯವಾಗಿ ಹನ್ನೆರಡೂವರೆ ಘಳಿಗೆ, ಅಂದರೆ 5 ಗಂಟೆ. 6:30ಕ್ಕೆ ಸೂರ್ಯೋದಯವಾದ ದಿನ ಅದು 11:30. ಕೆಲವು ಪಂಚಾಂಗಗಳು ಘಳಿಗೆ, ಗಂಟೆ ಎರಡನ್ನೂ ಕೊಡುತ್ತವೆ. ಹೊಸದಾಗಿ ಕೊಳ್ಳುವವರು ಅಂಥದ್ದನ್ನೇ ಆರಿಸಿಕೊಳ್ಳಿ.

ಇನ್ನು ಆಪ್‌ಗಳು. ಇಲ್ಲಿ ಬಂಗಾರವೂ ಇದೆ, ಹಿತ್ತಾಳೆಯೂ ಇದೆ. ‘ರಾಹುಕಾಲ’ ಎಂದು ಹುಡುಕಿದರೆ ಸಿಗುವ ಪುಟ್ಟ ಆಪ್‌ಗಳಲ್ಲಿ ಊರನ್ನೇ ಕೇಳದವು ಸಾಕಷ್ಟು. ಊರು ಕೇಳದ ಆಪ್ ಎಂದರೆ ಬೆಳಕು ಹಾಕಿದ ಪರ್ಸ್ ಕಾರ್ಡ್ ಅಷ್ಟೆ. ಊರು ಕೇಳಿದರೂ ನೆಮ್ಮದಿಯಿಂದ ಕೂರಬೇಡಿ, ಮೂರು ಪರೀಕ್ಷೆ ಮಾಡಿ. ಬುಧವಾರ ರಾಹುಕಾಲ ಶುರುವಾಗುವ ನಿಮಿಷವೂ ಶುಕ್ರವಾರ ರಾಹುಕಾಲ ಮುಗಿಯುವ ನಿಮಿಷವೂ ಆಯಾ ದಿನದ ಸೂರ್ಯೋದಯ, ಸೂರ್ಯಾಸ್ತಗಳ ನಟ್ಟನಡುವೆ ಬರಬೇಕು. ಗುರುವಾರದ ಯಮಗಂಡ, ಶನಿವಾರದ ಗುಳಿಕ ಎರಡೂ ಸೂರ್ಯೋದಯದ ನಿಮಿಷಕ್ಕೇ ಹುಟ್ಟಬೇಕು. ಭಾನುವಾರದ ರಾಹುಕಾಲ ಸೂರ್ಯಾಸ್ತದ ನಿಮಿಷಕ್ಕೇ ಮುಗಿಯಬೇಕು. ಈ ಮೂರರಲ್ಲಿ ಒಂದರಲ್ಲಾದರೂ ಒಂದೆರಡು ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಒಳಗೆಲ್ಲೋ ಒಂದೂವರೆ ಗಂಟೆಯ ಗಟ್ಟಿ ಅಂಕಿ ಅಡಗಿ ಕೂತಿದೆ ಎಂದೇ ಅರ್ಥ.

ಎರಡು ಒಳ್ಳೆಯ ಆಪ್‌ಗಳ ನಡುವೆಯೇ ಸೂರ್ಯೋದಯದಲ್ಲಿ ಮೂರು ನಾಲ್ಕು ನಿಮಿಷದ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಸೂರ್ಯಬಿಂಬದ ಮೇಲಂಚು ಕಂಡಾಗ ಉದಯ ಎನ್ನುವವರು ಒಂದು ಪಂಗಡ, ಬಿಂಬದ ನಡುಭಾಗ ದಿಗಂತಕ್ಕೆ ಬಂದಾಗ, ಅದೂ ಗಾಳಿಯಲ್ಲಿ ಬೆಳಕು ಬಾಗುವುದನ್ನು ಲೆಕ್ಕಕ್ಕೆ ಹಿಡಿಯದೆ, ಉದಯ ಎನ್ನುವವರು ಇನ್ನೊಂದು. ಮೊದಲನೆಯದರಲ್ಲಿ ಬೆಳಿಗ್ಗೆ ಅಷ್ಟು ಬೇಗ, ಸಂಜೆ ಅಷ್ಟೇ ತಡ. ನಡುಹಗಲು ಅಲುಗಾಡುವುದಿಲ್ಲ, ಪ್ರತಿ ಭಾಗದ ಉದ್ದದಲ್ಲಿ ಒಂದು ನಿಮಿಷವೂ ಬದಲಾಗುವುದಿಲ್ಲ.

ಹೆಸರು ಹಿಡಿದು ಹೇಳಬಹುದಾದದ್ದು ದೃಕ್ ಪಂಚಾಂಗ. ವೆಬ್‌ಸೈಟೂ ಇದೆ, ಆಪ್ ಕೂಡ ಇದೆ, ಕನ್ನಡದಲ್ಲೂ ಓದಬಹುದು. ಊರು ಆಯ್ದುಕೊಂಡರೆ ಆ ಊರಿನ ಆ ದಿನದ ಸೂರ್ಯೋದಯ, ಸೂರ್ಯಾಸ್ತದ ಜತೆಗೆ ದಿನಮಾನ, ರಾತ್ರಿಮಾನ, ಮಧ್ಯಾಹ್ನಗಳನ್ನೂ ಬಿಡಿಬಿಡಿಯಾಗಿ ತೋರಿಸುತ್ತದೆ. ಹಾಗಾಗಿ ಮೇಲಿನ ಬುಧವಾರದ ಪರೀಕ್ಷೆಯನ್ನು ಅದೇ ಪುಟದಲ್ಲಿ ಮಾಡಿ ಮುಗಿಸಬಹುದು. ರಾಹುಕಾಲ, ಯಮಗಂಡ, ಗುಳಿಕ, ದುರ್ಮುಹೂರ್ತ, ವರ್ಜ್ಯ ಎಲ್ಲವೂ ಒಂದೇ ಕಡೆ. ಈ ವಿಮರ್ಶೆಯಲ್ಲಿ ಕಣ್ಣುಮುಚ್ಚಿ ಶಿಫಾರಸು ಮಾಡುವುದು ಇದೊಂದನ್ನೇ. ಆದರೂ ಮೊದಲ ಸಲ ಬಳಸುವವರಿಗೆ ಕೆಲವು ಎಚ್ಚರಿಕೆ ಹೇಳಲೇಬೇಕು. ಪುಟದ ತಲೆಯಲ್ಲಿರುವ ಊರಿನ ಹೆಸರನ್ನು ಓದದೆ ಸಮಯ ಓದಬೇಡಿ. ಸಮಯ ತೋರಿಸುವ ರೀತಿ ಮೂರು ಬಗೆ: 12 ಗಂಟೆ, 24 ಗಂಟೆ, ಮತ್ತು 24 ಮೀರುವ ಎಣಿಕೆ. ಮೂರನೆಯದರಲ್ಲಿ 25:10 ಎಂದು ಕಂಡರೆ ಅದು ನಡುರಾತ್ರಿ ಕಳೆದು 1:10. ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ ಎನ್ನುವ ನಮ್ಮ ಎಣಿಕೆಗೆ ಈ ರೀತಿಯೇ ಹೊಂದುತ್ತದೆ, ಒಮ್ಮೆ ಅಭ್ಯಾಸವಾದರೆ ಇದನ್ನೇ ಇಟ್ಟುಕೊಳ್ಳಿ. ಇನ್ನೊಂದು ವಿಷಯ, ಅಶುಭ ಸಮಯಗಳ ಪಟ್ಟಿ ಬಹಳ ಉದ್ದ. ಆಡಲ್ ಯೋಗ, ವಿಡಾಲ್ ಯೋಗ ಎಂಬ ಸಾಲುಗಳೂ ಬರುತ್ತವೆ. ಅವು ತಮಿಳರ ಪದ್ಧತಿ, ನಮ್ಮ ಮನೆಗಳಲ್ಲಿ ನೋಡುವ ರೂಢಿಯಿಲ್ಲ. ಪಟ್ಟಿಯಲ್ಲಿದೆ ಎಂದು ಎಲ್ಲವನ್ನೂ ಬಿಡುತ್ತಾ ಹೋದರೆ ದಿನದಲ್ಲಿ ಹೊತ್ತೇ ಉಳಿಯುವುದಿಲ್ಲ. ನಿಮ್ಮ ಮನೆತನದಲ್ಲಿ, ನಿಮ್ಮ ಪುರೋಹಿತರು ಯಾವುದನ್ನು ನೋಡುತ್ತಾರೋ ಅಷ್ಟನ್ನೇ ನೋಡಿ.

ಆಪ್‌ನ ನಿಜವಾದ ಯೋಗ್ಯತೆ ಗೊತ್ತಾಗುವುದು ರಾಹುಕಾಲದಲ್ಲಲ್ಲ, ವರ್ಜ್ಯದಲ್ಲಿ. ವಿಷಘಳಿಗೆ ಎನ್ನುವುದೂ ಇದನ್ನೇ. ಇದಕ್ಕೂ ವಾರಕ್ಕೂ ಸಂಬಂಧವಿಲ್ಲ, ನಕ್ಷತ್ರಕ್ಕೆ ಸಂಬಂಧ. ಪ್ರತಿ ನಕ್ಷತ್ರಕ್ಕೂ 60 ಘಳಿಗೆ ಎಂದು ಇಟ್ಟುಕೊಂಡು, ಇಷ್ಟನೇ ಘಳಿಗೆ ಕಳೆದ ಮೇಲೆ 4 ಘಳಿಗೆ ವರ್ಜ್ಯ ಎಂದು ಶಾಸ್ತ್ರ ಹೇಳುತ್ತದೆ: ಅಶ್ವಿನಿಗೆ 50 ಕಳೆದ ಮೇಲೆ, ಕೃತ್ತಿಕೆಗೆ 30, ರೋಹಿಣಿಗೆ 40. ಆದರೆ ಚಂದ್ರನ ನಡೆ ಒಂದೇ ಸಮನಲ್ಲ. ನಕ್ಷತ್ರ ಒಮ್ಮೆ 21 ಗಂಟೆಯಲ್ಲೇ ಮುಗಿಯಬಹುದು, ಒಮ್ಮೆ 27 ಗಂಟೆ ಎಳೆಯಬಹುದು. ಆದ್ದರಿಂದ ಆ ದಿನದ ನಕ್ಷತ್ರದ ಒಟ್ಟು ಉದ್ದವನ್ನು 60ರಿಂದ ಭಾಗಿಸಿ ಬಂದದ್ದನ್ನೇ ಅದರ ಘಳಿಗೆ ಎಂದು ಹಿಡಿಯಬೇಕು. ಅಶ್ವಿನಿ ಬೆಳಿಗ್ಗೆ 10ಕ್ಕೆ ಶುರುವಾಗಿ 25 ಗಂಟೆ ಇದೆ ಎಂದಿಟ್ಟುಕೊಳ್ಳಿ. ಆಗ ಘಳಿಗೆ 25 ನಿಮಿಷ. ವರ್ಜ್ಯ ಮರುದಿನ ಬೆಳಿಗ್ಗೆ 6:50ರಿಂದ 8:30. ಲೆಕ್ಕ ಬಾರದ ಆಪ್ ಘಳಿಗೆಗೆ 24 ನಿಮಿಷ ಎಂದೇ ಹಿಡಿದು 6ರಿಂದ 7:36 ಎನ್ನುತ್ತದೆ. ಅದನ್ನು ನಂಬಿ 7:45ಕ್ಕೆ ಗೃಹಪ್ರವೇಶದ ಹೊಸ್ತಿಲು ದಾಟಿದರೆ ವರ್ಜ್ಯದ ನಡುವೆಯೇ ಕಾಲಿಟ್ಟಂತಾಯಿತು. ಪರೀಕ್ಷೆ ಸುಲಭ: ಒಂದು ವಾರದ ವರ್ಜ್ಯಗಳ ಅವಧಿ ನೋಡಿ. ಎಲ್ಲವೂ ಸರಿಯಾಗಿ 96 ನಿಮಿಷವೇ ಆಗಿದ್ದರೆ ಕೈಬಿಡಿ. ಸರಿಯಾದ ಲೆಕ್ಕದಲ್ಲಿ 84ರಿಂದ 108 ನಿಮಿಷದವರೆಗೆ ಏರಿಳಿಯುತ್ತಿರುತ್ತದೆ. ಒಂದೊಂದು ದಿನ ಎರಡು ವರ್ಜ್ಯ ಬರುತ್ತವೆ, ಒಂದೊಂದು ದಿನ ಒಂದೂ ಇರುವುದಿಲ್ಲ. ಅದು ಆಪ್‌ನ ತಪ್ಪಲ್ಲ.

ವರ್ಜ್ಯದಲ್ಲಿ ಒಂದು ಪಂಚಾಂಗಕ್ಕೂ ಇನ್ನೊಂದಕ್ಕೂ ಗಂಟೆಗಟ್ಟಲೆ ಅಂತರ ಕಂಡರೆ ಅದಕ್ಕೆ ಕಾರಣ ಬೇರೆ. ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದಿಸಿದ ದೃಗ್ಗಣಿತ ಮತ್ತು ಸೂರ್ಯಸಿದ್ಧಾಂತದ ಹಳೆಯ ಗಣಿತ ಎರಡರಲ್ಲೂ ಚಂದ್ರನ ಸ್ಥಾನ ಒಂದೇ ಬರುವುದಿಲ್ಲ, ಹಾಗಾಗಿ ನಕ್ಷತ್ರದ ಆರಂಭ, ಅಂತ್ಯವೂ ಬೇರೆ. ಮಠ, ಮನೆತನದಲ್ಲಿ ಯಾವುದು ನಡೆದುಬಂದಿದೆಯೋ ಅದನ್ನು ಬಿಡದೆ ಹಿಡಿಯಿರಿ. ತಿಥಿ ಒಂದರಲ್ಲಿ, ವರ್ಜ್ಯ ಇನ್ನೊಂದರಲ್ಲಿ ನೋಡಿದರೆ ಎರಡೂ ಕೆಡುತ್ತವೆ.

ದುರ್ಮುಹೂರ್ತಕ್ಕೆ ಹಗಲನ್ನು ಎಂಟಲ್ಲ, ಹದಿನೈದು ಭಾಗ ಮಾಡುತ್ತಾರೆ. ಭಾನುವಾರ 14ನೆಯದು, ಬುಧವಾರ 8ನೆಯದು, ಶನಿವಾರ ಮೊದಲ ಎರಡು. ಬುಧವಾರದ ಎಂಟನೆಯದು ಎಂದರೆ ನಡುಹಗಲಿನ ಅಭಿಜಿತ್ ಮುಹೂರ್ತ. ಮಿಕ್ಕ ದಿನ ‘ಏನೂ ಸಿಗದಿದ್ದರೆ ಅಭಿಜಿತ್‌ನಲ್ಲಿ ಮಾಡಿ’ ಎನ್ನುತ್ತಾರಲ್ಲ, ಆ ಅಭಿಜಿತ್ ಬುಧವಾರ ಕೂಡದು. ಅದರ ಉತ್ತರಾರ್ಧದ ಮೇಲೆ ರಾಹುಕಾಲವೂ ಬಂದು ಕೂರುತ್ತದೆ. ಬುಧವಾರವೂ ಅಭಿಜಿತ್ತನ್ನು ಶುಭವೆಂದು ಹಸಿರು ಬಣ್ಣದಲ್ಲಿ ತೋರಿಸುವ ಆಪ್ ಮಾಡಿದವರು ಪಟ್ಟಿಯನ್ನು ನಕಲು ಮಾಡಿದ್ದಾರೆ, ಓದಿಲ್ಲ. ಶನಿವಾರ ಇನ್ನೊಂದು ತಾಳೆ ಸಿಗುತ್ತದೆ: ದುರ್ಮುಹೂರ್ತ, ಗುಳಿಕ ಎರಡೂ ಸೂರ್ಯೋದಯಕ್ಕೇ ಹುಟ್ಟಿ, ದುರ್ಮುಹೂರ್ತ ಗುಳಿಕಕ್ಕಿಂತ ಸುಮಾರು 6 ನಿಮಿಷ ತಡವಾಗಿ ಮುಗಿಯಬೇಕು.

ಗುಳಿಕವನ್ನು ರಾಹುಕಾಲದ ಸಾಲಿನಲ್ಲೇ ಕೆಂಪು ಬಣ್ಣ ಬಳಿದು ತೋರಿಸುವ ಆಪ್‌ಗಳ ಬಗ್ಗೆ ಒಂದು ಆಕ್ಷೇಪ. ಗುಳಿಕದಲ್ಲಿ ಮಾಡಿದ್ದು ಮತ್ತೆ ಮತ್ತೆ ಆಗುತ್ತದೆ ಎಂಬುದು ನಮ್ಮಲ್ಲಿಯ ನಂಬಿಕೆ. ಆದ್ದರಿಂದ ಸಾಲ ತೆಗೆಯುವುದು, ಅಪರಕ್ರಿಯೆ ಬೇಡ. ಚಿನ್ನ ಕೊಳ್ಳುವುದಕ್ಕೆ, ಹಣ ಕೂಡಿಡುವುದಕ್ಕೆ ಅದನ್ನೇ ಹುಡುಕಿ ಹಿಡಿಯುವವರೂ ಇದ್ದಾರೆ. ಅದನ್ನು ಬರಿಯ ಅಶುಭವೆಂದು ತಳ್ಳಿಹಾಕುವ ಆಪ್ ಅರ್ಧ ಮಾತ್ರ ಹೇಳುತ್ತದೆ.

ವಿದೇಶದಲ್ಲಿರುವ ಮಕ್ಕಳಿಗೆ ಇಲ್ಲಿಂದ ಕ್ಯಾಲೆಂಡರ್ ಕಳಿಸುವ ಪ್ರೀತಿ ದೊಡ್ಡದು, ಆದರೆ ಅಶುಭಕಾಲಕ್ಕೆ ಅದು ಕಿಂಚಿತ್ತೂ ನೆರವಾಗದು. ಲಂಡನ್‌ನಲ್ಲಿ ಜೂನ್ ಕೊನೆಯ ಹಗಲು 16 ಗಂಟೆ ಮೀರುತ್ತದೆ, ರಾಹುಕಾಲವೊಂದೇ ಎರಡು ಗಂಟೆಗೂ ಹೆಚ್ಚು. ಡಿಸೆಂಬರ್ ಕೊನೆಯಲ್ಲಿ ಅದೇ ರಾಹುಕಾಲ ಒಂದು ಗಂಟೆಯೂ ಇಲ್ಲ. ಅವರಿಗೆ ಊರು ಕೇಳುವ ಆಪ್ ಒಂದೇ ದಾರಿ.

ಆಪ್ ಹಾಕಿಕೊಂಡ ಮೇಲೆ ಜ್ಞಾಪನೆಯ ಗಂಟೆ ಇಟ್ಟುಕೊಳ್ಳುವವರು ‘ಶುರುವಾಗುವ ಹೊತ್ತಿಗೆ’ ಎಂದು ಇಡಬೇಡಿ, 15 ನಿಮಿಷ ಮುಂಚೆ ಎಂದು ಇಡಿ. ರಾಹುಕಾಲದಲ್ಲಿ ಬೇಡವೆಂದಿರುವುದು ಹೊಸ ಆರಂಭ, ಮುಂಚೆಯೇ ಶುರುವಾದ ಕೆಲಸ ಮುಂದುವರಿಸಲು ಅಡ್ಡಿಯಿಲ್ಲ. ಆ 15 ನಿಮಿಷದಲ್ಲಿ ದೇವರಿಗೆ ಕೈಮುಗಿದು ಹೊಸ್ತಿಲು ದಾಟಿಬಿಟ್ಟರೆ ಪ್ರಯಾಣ ಆರಂಭವಾದ ಲೆಕ್ಕ. ಬೇರೆ ಊರಿಗೆ ಹೋದಾಗ ಮುಖಪುಟದ ವಿಜೆಟ್ ಹಳೆಯ ಊರಿನಲ್ಲೇ ನಿಂತಿರುವುದುಂಟು, ಆಪ್ ಒಮ್ಮೆ ತೆರೆದು ಊರಿನ ಹೆಸರು ನೋಡಿ. ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಬೇಕಿಲ್ಲ. ಆ ತಿಂಗಳ ಮೊದಲ ದಿನ ಆಪ್ ನೋಡಿ ನಿಮ್ಮೂರಿನ ಭಾನುವಾರದಿಂದ ಶನಿವಾರದವರೆಗಿನ ಏಳೂ ದಿನಗಳ ರಾಹುಕಾಲವನ್ನು ಪೆನ್ಸಿಲ್‌ನಲ್ಲಿ ಅದರ ಅಂಚಿಗೆ ಬರೆದಿಡಿ. ತಿಂಗಳೊಳಗೆ ಹದಿನೈದು ಇಪ್ಪತ್ತು ನಿಮಿಷದವರೆಗೆ ಆಚೀಚೆ ಆಗಬಹುದು. ದಿನನಿತ್ಯಕ್ಕೆ ಎರಡೂ ಬದಿ ಇಪ್ಪತ್ತು ನಿಮಿಷ ಬಿಟ್ಟು ನೋಡಿ, ಮದುವೆ, ಗೃಹಪ್ರವೇಶದಂಥದ್ದಕ್ಕೆ ಮಾತ್ರ ಆ ದಿನದ್ದನ್ನೇ ಹೊಸದಾಗಿ ತೆಗೆಯಿರಿ.